ಎರಡೂವರೆ ವೈರಿನ ಸಿಟ್ಟು

ನಾನು ಒಂದು ವೈರು. ಮೈಮೇಲೆ ಕೆಂಪು ಅಂಗಿ, ಒಳಗೆ ಮೂವತ್ತಾರು ತಾಮ್ರದ ಎಳೆ, ಅಳತೆ ಎರಡೂವರೆ ಚದರ ಮಿಲಿಮೀಟರ್. ಕಾರ್ಖಾನೆಯವರು ಅದನ್ನು ನನ್ನ ಮೈತುಂಬ ಅಚ್ಚು ಹಾಕಿಯೇ ಕಳಿಸಿದ್ದರು. ಓದುವ ವ್ಯವಧಾನ ಇರಬೇಕಷ್ಟೆ. ನನ್ನ ಅಣ್ಣತಮ್ಮಂದಿರೆಲ್ಲ ಗೋಡೆಗಳೊಳಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ನಡೆಸಿಕೊಂಡು ಮರ್ಯಾದೆಯಿಂದ ಬಾಳುತ್ತಿದ್ದಾರೆ. ನನಗೆ ಮಾತ್ರ ಆ ಯೋಗ ಇರಲಿಲ್ಲ.

ರಾಣೆಬೆನ್ನೂರಿನ ಅಂಗಡಿಯಿಂದ ನನ್ನನ್ನು ಒಯ್ದವನು ಮೈಲಾರಿ, ಮನೆ ವೈರಿಂಗ್ ಮಾಡುವ ಮಿಸ್ತ್ರಿ. ನಿವೃತ್ತ ಬಸ್ ಡ್ರೈವರ್ ಫಕ್ಕೀರಪ್ಪನವರು ಹಳೇ ಟೆಂಪೋ ಒಂದನ್ನು ಓಡಾಡುವ ಮನೆ ಮಾಡಿಸುತ್ತಿದ್ದರು. ಮೇಲೆ ಸೋಲಾರ್ ಪ್ಲೇಟು, ಹಿಂಬದಿಗೆ ಬ್ಯಾಟರಿ, ಡ್ರೈವರ್ ಸೀಟಿನ ಬೆನ್ನಿಗೆ ಇನ್ವರ್ಟರ್, ಪಕ್ಕದಲ್ಲಿ ಪುಟ್ಟ ಫ್ರಿಜ್ಜು. ಆ ಫ್ರಿಜ್ಜು ಹೆಂಡತಿ ದ್ಯಾಮವ್ವನ ಇನ್ಸುಲಿನ್‌ಗೆ. ಮೂವತ್ತೆರಡು ವರ್ಷ ಊರವರನ್ನೆಲ್ಲ ಹೊತ್ತು ತಿರುಗಿದ ಗಂಡ ಹೆಂಡತಿಗೆ ಒಮ್ಮೆಯೂ ಸಮುದ್ರ ತೋರಿಸಿರಲಿಲ್ಲ. ಔಷಧಿ ತಂಪಾಗಿದ್ದರೆ ಮಾತ್ರ ಹೊರಡಿ, ಇಲ್ಲದಿದ್ದರೆ ಮನೆಯಲ್ಲೇ ಇರಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಬ್ಯಾಟರಿಯಿಂದ ಇನ್ವರ್ಟರ್‌ವರೆಗೆ ಹದಿನಾಲ್ಕು ಅಡಿ ನನ್ನನ್ನು ಎಳೆದರು. ದ್ಯಾಮವ್ವ ನನ್ನನ್ನು ಬೆರಳಲ್ಲಿ ಹಿಡಿದು ನೋಡಿದರು. "ಬಸ್ಸಿನ ಬ್ಯಾಟರಿಗೆ ಹೆಬ್ಬಟ್ಟಿನಷ್ಟು ದಪ್ಪಂದು ಹಾಕಿರ್ತಾರ. ಇದು ಸಾಲ್ತದೇನು?"

ಮೈಲಾರಿ ನಕ್ಕ. "ಅವ್ವಾರ, ಮನ್ಯಾಗ ಇನ್ನೂರಾ ಮೂವತ್ತು ವೋಲ್ಟ್ ಇದ ವೈರ್ ತಡಕೊಂತದ. ಇಲ್ಲಿ ಬರೇ ಹನ್ನೆರಡು. ಇದ ಹೆಚ್ಚಾತು."

"ನಿನಗ ತಿಳಿಯೂದಿಲ್ಲ, ಸುಮ್ನಿರು," ಎಂದು ಫಕ್ಕೀರಪ್ಪನವರೂ ನಕ್ಕರು.

ಬರೇ ಹನ್ನೆರಡಂತೆ! ವೋಲ್ಟು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಹರಿಯಬೇಕು. ಸಾವಿರ ವ್ಯಾಟಿನ ಚಹಾ ಕೆಟಲ್ ಮನೆಯಲ್ಲಿ ನಾಲ್ಕು ಆಂಪಿಯರ್ ಕೇಳಿದರೆ ಇಲ್ಲಿ ಎಂಬತ್ತು ಕೇಳುತ್ತದೆ. ನನ್ನ ತಾಕತ್ತು ಇಪ್ಪತ್ತರ ಆಸುಪಾಸು. ದಾರಿ ಉದ್ದವಾದರಂತೂ ಇನ್ನೂ ದಪ್ಪ ಬೇಕು. ಗೋಡೆ ಬಿಟ್ಟು ಬೇರೇನೂ ಕಾಣದ ಮಿಸ್ತ್ರಿಗೆ ಇದನ್ನು ಯಾರು ಹೇಳಬೇಕು?

ಏಪ್ರಿಲ್ ಬಿಸಿಲಲ್ಲಿ ಹೊರಟೆವು. ಫ್ರಿಜ್ಜಿನ ಮೋಟಾರು ಎದ್ದಾಗಲೆಲ್ಲ ಬ್ಯಾಟರಿ ಕೊಟ್ಟಿದ್ದರಲ್ಲಿ ಒಂದು ಪಾಲು ನನ್ನ ಮೈಯಲ್ಲೇ ಬಿಸಿಯಾಗಿ ಹೋಗುತ್ತಿತ್ತು. ಮುಂದೆ ಮುಟ್ಟಿದ್ದು ಸಾಲದೆ ಇನ್ವರ್ಟರ್ ಕುಂಯ್ ಎಂದು ಆರುತ್ತಿತ್ತು. ಫಕ್ಕೀರಪ್ಪನವರು ಶಿರಸಿಯಲ್ಲಿ ಬ್ಯಾಟರಿಯನ್ನೇ ಬದಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ದ್ಯಾಮವ್ವ ನನ್ನನ್ನು ಮುಟ್ಟಿ ಕೈ ಹಿಂತೆಗೆದುಕೊಂಡು, "ಇದು ಸುಡಾಕತ್ತದ," ಎಂದರು.

"ವೈರ್ ಅಂದಮ್ಯಾಲೆ ಬಿಸಿ ಆಗ್ತದ," ಎಂದರು ಗಂಡ.

ಮರುದಿನ ಬೆಳಿಗ್ಗೆ ಕುಮಟಾ ಹತ್ತಿರ ಸಮುದ್ರದ ದಂಡೆಗೆ ಗಾಡಿ ನಿಲ್ಲಿಸಿ ಕೆಟಲ್ ಹಚ್ಚಿದರು. ಫ್ಯೂಸು ಹಾರಿತು. ಇಡೀ ಗಾಡಿಯಲ್ಲಿ ನೆಟ್ಟಗೆ ಕೆಲಸ ಮಾಡಿದ್ದು ಅದೊಂದೇ. ಫಕ್ಕೀರಪ್ಪನವರು ಮೈಲಾರಿಗೆ ಫೋನ್ ಹಚ್ಚಿದರು. "ಮಿಕ್ಕ ವೈರಿನ ಏಳೆಂಟು ಎಳಿ ಕಿತ್ತು ಫ್ಯೂಸಿಗೆ ಸುತ್ತಿಬಿಡ್ರಿ. ಮನ್ಯಾಗ ನಾವು ಹಂಗ ಮಾಡೂದು," ಎಂದ ಆ ಮಹಾನುಭಾವ. ನನ್ನನ್ನು ಕಾಯುತ್ತಿದ್ದವನ ಬಾಯಿ ಮುಚ್ಚಿಸಲು ನನ್ನದೇ ಎಳೆ ಕಿತ್ತರು! ಇದಕ್ಕಿಂತ ಅನ್ಯಾಯ ಇದೆಯೇ?

ಮತ್ತೆ ಕೆಟಲ್ ಹಚ್ಚಿದರು. ನೀರು ಕುದಿಯುವ ಮೊದಲು ನಾನು ಕುದಿದೆ. ಅಂಗಿ ಕರಗಿತು, ಹೊಗೆ ಎದ್ದಿತು, ಪರದೆಗೆ ಬೆಂಕಿ ಹತ್ತಿತು. ಫಕ್ಕೀರಪ್ಪನವರು ಬ್ಯಾಟರಿಯ ಕೊಂಡಿ ಕಿತ್ತೆಸೆದು, ದಂಡೆಯ ಮರಳನ್ನು ಬೊಗಸೆ ಬೊಗಸೆ ತಂದು ಸುರಿದು ಆರಿಸಿದರು. ಫ್ರಿಜ್ಜಿನ ಬೆನ್ನು ಸುಟ್ಟಿತ್ತು. ಎರಡು ತಿಂಗಳ ಇನ್ಸುಲಿನ್ ಹಾಳಾಗಿತ್ತು. ದ್ಯಾಮವ್ವ ಮರಳಲ್ಲಿ ಕುಸಿದು ಕೂತರು. ಜೀವಮಾನವೆಲ್ಲ ನೋಡಬೇಕೆಂದಿದ್ದ ಸಮುದ್ರ ಎದುರಿಗಿತ್ತು, ಅವರು ಅತ್ತ ತಿರುಗಲಿಲ್ಲ. "ಮನಿಗೆ ಹೋಗೂಣು," ಎಂದರು.

ಫಕ್ಕೀರಪ್ಪನವರು ಫೋನಿನಲ್ಲಿ ಮೈಲಾರಿಯನ್ನು ಬೈಯತೊಡಗಿದರು. "ಎಂಥಾ ದರಿದ್ರ ವೈರ್ ತಂದೀಯೋ! ಪಕ್ಕಾ ಡುಪ್ಲಿಕೇಟ್!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುಕ್ಕಾಲು ಮೈ ಸುಟ್ಟುಕೊಂಡು ಬಿದ್ದವನಿಗೆ ಈ ಬೈಗುಳ ಬೇರೆ. ನನಗೆ ಬಾಯಿ ಇದ್ದಿದ್ದರೆ!

ದ್ಯಾಮವ್ವ ಎದ್ದು ಬಂದು ಫೋನ್ ಕಸಿದುಕೊಂಡರು. "ವೈರಿಗೆ ಯಾಕ ಬೈತೀರಿ? ಅದು ಬಿಸಿಯಾಗಿ ಹೇಳ್ತು. ಫ್ಯೂಸು ಹಾರಿ ಹೇಳ್ತು. ನಾ ಬಾಯಿಬಿಟ್ಟು ಹೇಳಿದೆ. ಮೂರೂ ಮಂದಿ ಮಾತು ನೀವು ಕೇಳಲಿಲ್ಲ."

ಹಾಗೆಂದು ಫೋನ್ ಕತ್ತರಿಸಿ ಗಂಡನ ಕೈಗಿಟ್ಟರು.

ಫಕ್ಕೀರಪ್ಪನವರು ಮೊದಲು ಪೇಟೆಗೆ ಓಡಿ ಐಸಿನ ಡಬ್ಬಿಯಲ್ಲಿ ಹೊಸ ಇನ್ಸುಲಿನ್ ತಂದರು, ಜೊತೆಗೆ ಲಾರಿ ವೈರಿಂಗ್ ಮಾಡುವ ಬೀರಣ್ಣನನ್ನೂ ಕರೆತಂದರು. ಬೀರಣ್ಣ ಇನ್ವರ್ಟರನ್ನು ಬ್ಯಾಟರಿ ಪಕ್ಕಕ್ಕೇ ಸರಿಸಿದ, ಹೆಬ್ಬಟ್ಟಿನ ದಪ್ಪದ ಕೇಬಲ್ ಎಳೆದ, ಸರಿಯಾದ ಫ್ಯೂಸು ಕೂರಿಸಿದ. ಫ್ರಿಜ್ಜಿನ ಸುಟ್ಟ ಬೆನ್ನೂ ರಿಪೇರಿಯಾಗಿ ಎರಡನೇ ದಿನ ಅದು ತಣ್ಣಗಾಯಿತು. ಅವತ್ತು ಸಂಜೆ ದ್ಯಾಮವ್ವ ಮೊಣಕಾಲವರೆಗೆ ಸೀರೆ ಎತ್ತಿ ನೀರಿಗಿಳಿದರು.

ಸುಡದೆ ಉಳಿದ ನನ್ನ ಮೂರಡಿ ಈಗ ಆಕೆಯ ತಲೆದಿಂಬಿನ ಮೇಲಿನ ಪುಟ್ಟ ದೀಪಕ್ಕೆ ಕರೆಂಟು ಒಯ್ಯುತ್ತದೆ. ಅರ್ಧ ಆಂಪಿಯರ್ ಕೆಲಸ, ನನ್ನ ಅಳತೆಗೆ ಆರಾಮ. ಸಿಟ್ಟು ಮಾತ್ರ ಪೂರ್ತಿ ಇಳಿದಿಲ್ಲ. ಆದರೂ ಮೊನ್ನೆ ಫ್ಯಾನು ಹಾಕಿಸುವಾಗ ಇಲ್ಲಿಂದಲೇ ನೋಡಿದೆ. ಫಕ್ಕೀರಪ್ಪನವರು ಹೊಸ ವೈರಿನ ತುದಿಯನ್ನು ಹೆಂಡತಿಯ ಕೈಗೆ ಕೊಟ್ಟು, "ಸಾಲ್ತದೇನು ನೋಡು," ಎಂದು ಕೇಳಿದರು.