ಬಲಗೈಯ ಕೆಂಪು

ಕೆಂಪಗೇ ಇದೆ, ಬಸ್ಸಿನ ಧೂಳಿಗೂ ಮಾಸಿಲ್ಲ, ಮಗ ಓಬಯ್ಯನ ಬಲಗೈ ಮೇಲೆ ಕುಂಕುಮದ ಬೊಟ್ಟಿನಷ್ಟು ಅಗಲ, ಸುತ್ತ ಅತ್ತೆ ಹಚ್ಚಿದ ಅರಿಶಿನ — ದುರ್ಗದ ಆಸ್ಪತ್ರೆಯ ಬೆಂಚು ತಣ್ಣಗಿದೆ, ಮಗ ತೊಡೆಯ ಮೇಲೆ ಬಿಸಿ, ಕಿವಿ ಮತ್ತೆ ಸೋರುತ್ತಿದೆ, ಸೋರಲಿ, ಸೂಜಿ ಹತ್ತಿದೆಯಲ್ಲ, ಇನ್ನೇನು ಹೆದರಿಕೆ. ನಮ್ಮೂರು ಆದಿವಾಲಕ್ಕೆ ಸಿಡುಬಿನ ಸೂಜಿಯವರು ಜೀಪಿನಲ್ಲಿ ಬಂದಾಗಲೂ ಹೀಗೇ, ಯಾರ ತೋಳು ಕೆಂಪಾಗಿ ಊದಿತೋ ಅವರಿಗೆ ಹತ್ತಿತು, ಊದದವರನ್ನು ಹುಡುಕಿ ಹಿಡಿದು ಮತ್ತೆ ಚುಚ್ಚಿದರು. ನಿನ್ನೆ ಬೆಳಿಗ್ಗೆ ಅತ್ತೆ ಮುದ್ದಕ್ಕ ಇವನ ಕೈ ನೋಡಿದವಳೇ ಅಮ್ಮ ಬಂದವ್ಳೆ ಕಣೆ ಚಿತ್ತಿ, ತಂಪು ಮಾಡಾಣ ಅಂದಳು, ಬೇವಿನ ಬುಡಕ್ಕೆ ಮೊಸರನ್ನ ಇಟ್ಟೆವು, ಹಟ್ಟಿಯವರಿಗೆಲ್ಲ ಕೈಗೊಂದು ತುತ್ತು ಹಾಕಿದೆ, ನಗು ತಡೆಯಲಾಗಲಿಲ್ಲ, ಜುಂಜಣ್ಣ ಹೋದಮೇಲೆ ಮೊದಲ ಸಲ ನಕ್ಕಿದ್ದು — ಜುಂಜಣ್ಣ, ನನ್ನ ಹಿರೇಮಗ, ಅವನಿಗೂ ಹೀಗೇ ಕಿವಿ, ಎದೆಯಲ್ಲಿ ಗೊರಗೊರ, ಒಂದು ವಾಸಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು, ಕಡೆಗೆ ಆ ಬೇಸಿಗೆಯಲ್ಲಿ — ಬೇಡ, ಅದು ಈಗ ಬೇಡ. ಡಾಕ್ಟರಮ್ಮ ನಾಲ್ಕು ದಿನದ ಹಿಂದೆ ಇಲ್ಲೇ ಇವನ ಎರಡೂ ಕೈಗೆ ಚುಚ್ಚುವಾಗ ಏನೋ ಹೇಳಿದ್ದರು, ಎಡಗೈದು ಸುಮ್ನೆ ಹೋಲಿಸಿ ನೋಡಾಕೆ, ಬಲಗೈದೇ ಪರೀಕ್ಷೆ, ಕೆಂಪಾದ್ರೆ — ಕೆಂಪಾದರೆ ಏನಂದರು, ಮಗ ಕಿರುಚುತ್ತಿದ್ದ, ಕೇಳಿಸಲಿಲ್ಲ, ಒಳ್ಳೇದೇ ಅಂದಿರಬೇಕು, ಇನ್ನೇನು ಅಂದಾರು.

ಒಳಗೆ ಕರೆದರು. ನಾನೇ ಅವನ ತೋಳು ಎತ್ತಿ ತೋರಿಸಿದೆ, ಹತ್ತೈತೆ ನೋಡ್ರಮ್ಮ ಅಂದೆ, ಅವರು ನಗಲಿಲ್ಲ, ಯಾಕೆ ನಗಲಿಲ್ಲ, ಕೆಂಪನ್ನು ಬೆರಳಿನಿಂದ ಒತ್ತಿದರು, ಎಡಗೈ ತಿರುಗಿಸಿದರು, ಅಲ್ಲಿ ಏನೂ ಇಲ್ಲ, ಗಂಟಲುಮಾರಿ ಬರದಂಗೆ ಮೂರು ಸೂಜಿ ಹಾಕ್ಸಿದ್ದು ನಿಜ ತಾನೇ ಚಿತ್ತಮ್ಮ ಅಂದರು. ಮೂರೂ ಹಾಕ್ಸೀನ್ರಮ್ಮ, ಹಿರಿಯೂರಿಗೆ ಹೊತ್ಕಂಡು ಹೋಗಿ. ಹಂಗಾದ್ರೆ ಇದು ಕೆಂಪಾಗಬಾರದಿತ್ತಮ್ಮ. ಆಗಬಾರದಿತ್ತು — ಏನು ಹೇಳುತ್ತಿದ್ದಾರೆ ಇವರು — ಕುರಿಗೆ ಸೂಜಿ ಹಾಕ್ಸಿದ್ರೆ ರೋಗ ತಡೆಯೋ ಶಕ್ತಿ ಮೈಯಾಗೇ ಹುಟ್ತೈತಲ್ಲ, ಇವನ ಮೈಯಾಗೆ ಅದು ಹುಟ್ಟಿದಂಗಿಲ್ಲ, ನಾನು ಚುಚ್ಚಿದ್ದು ಆ ರೋಗದ್ದೇ ಒಂಚೂರು ವಿಷ, ತಡೆಯೋ ಶಕ್ತಿ ಇದ್ದಿದ್ರೆ ವಿಷ ಅಲ್ಲೇ ಸಾಯ್ತಿತ್ತು, ಗುರುತೂ ಕಾಣ್ತಿರಲಿಲ್ಲ. ಇವನ ಅಣ್ಣಂಗೂ ಹಿಂಗೇ ಆಗ್ತಿತ್ತಾ ಅಂತ ಕೇಳುತ್ತಿದ್ದಾರೆ, ಮಗನನ್ನು ಎದೆಗೆ ಎಳೆದುಕೊಂಡು ಹೂಂ ಅನ್ನುತ್ತೇನೆ, ರಕ್ತ ಬೆಂಗಳೂರಿಗೆ ಕಳಿಸ್ತೀನಿ, ಖಾತ್ರಿಯಾದ್ರೆ ಔಷಧಿ ಐತೆ, ತಿಂಗಳು ತಿಂಗಳು ಬರ್ಬೇಕಾಗ್ತೈತೆ, ಬರ್ತೀಯಾ — ಬರುತ್ತೇನೆ, ಎಲ್ಲಿಗಾದರೂ ಬರುತ್ತೇನೆ, ಆದರೆ ಮೊಸರನ್ನ ಹಂಚಿದೆನಲ್ಲ, ನಕ್ಕೆನಲ್ಲ, ಮಗನ ಮೈ ಸೋತಿದ್ದಕ್ಕೆ ತುತ್ತು ಹಾಕಿ ನಕ್ಕೆನಲ್ಲ, ಇರ್ರಿ ಅಮ್ಮ, ಅರಿಶಿನ ಇರಬೇಕು ಇದು, ಅತ್ತೆ ಬಳಿದದ್ದು, ಸೆರಗಿಗೆ ಎಂಜಲು ಹಚ್ಚಿ ಉಜ್ಜುತ್ತೇನೆ, ಹಳದಿಯೆಲ್ಲ ಸೆರಗಿಗೆ ಬಂತು, ಕೆಂಪು ಬರುತ್ತಿಲ್ಲ, ಮಗ ಅವ್ವಾ ಉರಿ ಅನ್ನುತ್ತಾನೆ, ಇನ್ನೊಂದು ಸಲ ಉಜ್ಜುತ್ತೇನೆ, ಬೊಟ್ಟಿನಷ್ಟು ಅಗಲ, ಕೆಂಪಗೇ ಇದೆ