ಹಳದಿ ನೊರೆ

ಇಬಾದಾನಿನ ಸಂತೆಯಲ್ಲಿ ಅಸಾಬಿಯ ಆಗ್ಬೊ ಇಳಿಯದ ಗಂಟಲಿಲ್ಲ. ತೊಗಟೆ, ಬೇರು ಕುದಿಸಿದ ಆ ಕಹಿ ಕಷಾಯವನ್ನು ಲೋಟಕ್ಕೆ ಬಗ್ಗಿಸುತ್ತ ಅವಳು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ಉಚ್ಚೆ ಬಣ್ಣ ತಿರುಗ್ತಾ? ಹಾಗಾದ್ರೆ ಜ್ವರ ಇಳೀತಿದೆ ಅಂತ ತಿಳ್ಕೊ." ಅವಳ ತಾಯಿಯೂ ಅದನ್ನೇ ಹೇಳುತ್ತಿದ್ದಳು. ಅಲ್ಲವೆನ್ನುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ.

ಗಂಡ ಅಕಾಂಜಿಯ ಕಣ್ಣು ಹಳದಿಯಾದಾಗಲೂ ಅವಳು ಹೆದರಲಿಲ್ಲ. ಒಂಬತ್ತು ದಿನ, ದಿನಕ್ಕೆರಡು ಲೋಟ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದಾಗ ಗೆದ್ದೆನೆಂದು ಬೀಗಿದಳು. ಮಲ ಸುಣ್ಣದಂತೆ ಬೆಳ್ಳಗಾದದ್ದನ್ನು, ಅವನು ಮೈ ಕೆರೆದು ರಕ್ತ ಬರಿಸಿಕೊಂಡದ್ದನ್ನು ಕಂಡೂ ಕಾಣದಂತಿದ್ದಳು. ಕೊನೆಗೆ ಅವನಿಗೆ ನಿಲ್ಲಲಾಗದೆ ಆಸ್ಪತ್ರೆಗೆ ಕರೆತಂದಾಗಲೂ, ತನ್ನ ಔಷಧಿ ಕೆಲಸ ಮಾಡಿದ್ದಕ್ಕೆ ಸಾಕ್ಷಿಯೆಂದು ಒಂದು ಸೀಸೆ ಮೂತ್ರ ತಂದಿದ್ದಳು.

ಡಾಕ್ಟರಮ್ಮ ಸೀಸೆ ಅಲುಗಿಸಿದರು.

"ನೋಡಮ್ಮ, ನೊರೇನೂ ಹಳದಿ. ಪಿತ್ತ ಕರುಳಿಗೆ ಇಳಿಯೋ ದಾರಿ ಕಟ್ಕೊಂಡಿದೆ. ಅದರ ಬಣ್ಣ ರಕ್ತಕ್ಕೆ ನುಗ್ಗಿ, ಮೂತ್ರಪಿಂಡ ಅದನ್ನ ಸೋಸಿ ಸೋಸಿ ಹೊರಗೆ ಹಾಕ್ತಿದೆ."

"ಅಂದ್ರೆ ಕಾಯಿಲೆ ಹೋಗ್ತಿದೆ ತಾನೇ?"

"ಇಲ್ಲಮ್ಮ. ಕಟ್ಟಿದ್ದು ಕಟ್ಟಿದ ಹಾಗೇ ಇದೆ. ಮೂತ್ರಪಿಂಡ ತನ್ನದಲ್ಲದ ಹೊರೆ ಹೊತ್ತು ಸೋಲ್ತಿದೆ. ಕಷಾಯ ಏನಾದ್ರೂ ಕೊಟ್ರಾ? ಅದೂ ಅದರ ತಲೆಮೇಲೇ ಬೀಳೋದು."

ಹಿಂದಿನ ಬೆಂಚಿನಲ್ಲಿ ಅಸಾಬಿಯ ಗಿರಾಕಿಗಳೇ ಕಿವಿ ನಿಮಿರಿಸಿ ಕೂತಿದ್ದರು.

"ಏನೂ ಇಲ್ಲ ಡಾಕ್ಟ್ರೇ. ಬರೀ ಗಂಜಿ," ಎಂದ ಅಕಾಂಜಿ. ಮೈಯಲ್ಲಿ ತ್ರಾಣವಿಲ್ಲದಿದ್ದರೂ ಹೆಂಡತಿಯ ಮಾನ ಕಾಯಲು ಹೊರಟಿದ್ದ, ಪೆದ್ದ.

ಅಸಾಬಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

"ಸುಳ್ಳು. ನಾನೇ ಆಗ್ಬೊ ಕೊಟ್ಟೆ."

"ಬಾಯ್ಮುಚ್ಚೇ, ರಿಸಿ ಅವ್ವ!" ಮಗಳ ಹೆಸರು ಹಿಡಿದು ಹೆಂಡತಿಯನ್ನು ಗದರಿದ ಅಕಾಂಜಿ. "ನಾಳೆ ಯಾರು ಬರ್ತಾರೆ ನಿನ್ಹತ್ರ?"

"ಯಾರೂ ಬರೋದು ಬೇಡ. ನೀನಿರು, ಸಾಕು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಈ ಸೀಸೆ ಯಾವಾಗಿಂದು?"

"ನಿನ್ನೆ ಬೆಳಿಗ್ಗೇದು."

"ಆಮೇಲೆ ಎಷ್ಟು ಹೋಗಿದೆ?"

"ಒಂದು ಹನೀನೂ ಇಲ್ಲ," ಎಂದಳು ಅಸಾಬಿ. "ನಿಂತೋಯ್ತಲ್ಲ, ಮತ್ತೆ ಇಳೀಲಿ ಅಂತ... ಇವತ್ತು ಮೂರು ಲೋಟ ಕುಡಿಸ್ದೆ."