ನೆರಳಲ್ಲಿ ಒಣಗಿಸಿದ ಮಣ್ಣು

ಮಣ್ಣಿನ ವರದಿಯಲ್ಲಿದ್ದ ಉಪ್ಪಿನ ಅಂಕಿಯನ್ನು ಸೀತೋನ್ ಮೂರು ಸಲ ಓದಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ನಾಲ್ಕನೆಯ ಸಲವೂ ಓದಿದ. ಅಂಕಿ ಬದಲಾಗಲಿಲ್ಲ.

"ಇದು ಬುವಾಪಾನ್‌ಳ ನೀಲಗಿರಿ ತೋಪಿಂದೇನಾ ಮಗಳೇ? ಪಕ್ಕದ ಗದ್ದೇದು ಸೇರ್ಕೊಂಡಿಲ್ಲ ತಾನೆ?"

"ನಾನೇ ನಿಂತು ತೆಗೆಸಿದ್ದು ಮಾವ, ಹದಿನೈದು ಕಡೆಯಿಂದ," ಎಂದಳು ಕೃತ್ತಿಕಾ. ಜಿಲ್ಲಾ ಮಣ್ಣು ಕಚೇರಿಯ ಹುಡುಗಿ. ಈ ವರ್ಷ ನೋಂಗ್‌ವಾ ಊರಿನ ಪ್ರತಿ ತುಂಡು ನೆಲದ ಮಣ್ಣನ್ನೂ ಕಚೇರಿಯವರೇ ಹೊಸದಾಗಿ ಪರೀಕ್ಷೆ ಮಾಡಿಸಿದ್ದರು. "ಒಳ್ಳೇ ಮಣ್ಣು. ಉಪ್ಪಿನ ಸುಳಿವೇ ಇಲ್ಲ. ಭತ್ತಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇಂಥ ನೆಲಕ್ಕೆ ನೀಲಗಿರಿ ಹಾಕೋ ಬುದ್ಧಿ ಯಾರು ಕೊಟ್ರೋ!"

"ನಾನೇ ಕೊಟ್ಟಿದ್ದು."

ಹುಡುಗಿ ನಾಲಿಗೆ ಕಚ್ಚಿಕೊಂಡಳು.

ಸೀತೋನ್ ನೋಂಗ್‌ವಾದ ಮಣ್ಣಿನ ಡಾಕ್ಟರು. ಸಂಬಳವಿಲ್ಲದ ಪದವಿ. ಹನ್ನೊಂದು ವರ್ಷದ ಹಿಂದೆ ಸರಕಾರದವರು ಅವನಿಗೆ ಮೂರು ದಿನದ ತರಬೇತಿ ಕೊಟ್ಟು, ಬೆನ್ನ ಮೇಲೆ ಬಿಳಿ ಅಕ್ಷರದಲ್ಲಿ 'ಮಣ್ಣಿನ ಡಾಕ್ಟರು' ಎಂದು ಬರೆದ ಒಂದು ಹಸಿರು ಜಾಕೀಟು ತೊಡಿಸಿ ಕಳಿಸಿದ್ದರು. ಅದನ್ನು ಅವನು ಮದುವೆಗೂ ಹಾಕಿಕೊಂಡು ಹೋಗುತ್ತಿದ್ದ, ಸಾವಿಗೂ ಹಾಕಿಕೊಂಡು ಹೋಗುತ್ತಿದ್ದ. ಮಲಗುವಾಗಲಾದರೂ ಬಿಚ್ಚುತ್ತಾನಾ ಎಂದು ಊರ ಹೆಂಗಸರು ಅವನ ಹೆಂಡತಿಯನ್ನು ಕೇಳಿ ನಗುತ್ತಿದ್ದರು. ನಕ್ಕರೂ, ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ಕೇಳಲು ಅವನ ಮನೆಯ ಮೆಟ್ಟಿಲನ್ನೇ ಹತ್ತುತ್ತಿದ್ದರು. ಅವನ ಮಾತು ಕೇಳಿ ಗೊಬ್ಬರ ಅರ್ಧಕ್ಕೆ ಇಳಿಸಿದವರ ಗದ್ದೆಯೂ ತುಂಬಿ ಬಂದಿತ್ತು. ಅದರ ಹೆಮ್ಮೆ ಅವನಿಗಿತ್ತು, ಇರಬೇಕಾದ್ದೇ.

"ಮೂರು ವರ್ಷದ ಹಿಂದಿನ ವರದೀಲಿ ಉಪ್ಪು ವಿಪರೀತ ಇತ್ತಲ್ಲ, ಮರಗಳೇ ಎಳ್ಕೊಂಡಿರ್ಬಹುದಲ್ವಾ?" ಎಂದು ಆಸೆಯಿಂದ ಕೇಳಿದ.

"ಇಷ್ಟೊಂದಾ? ಸಾಧ್ಯವೇ ಇಲ್ಲ ಮಾವ. ಆವತ್ತಿನ ಸ್ಯಾಂಪಲ್ಲೇ ಕೆಟ್ಟಿತ್ತು ಅನ್ಸುತ್ತೆ. ಯಾವುದರ ಮೇಲೆ ಒಣಗಿಸಿದ್ರಿ?"

ಮಣ್ಣು ಒಣಗಿಸುವ ವಿಷಯದಲ್ಲಿ ಅವನು ಬಲು ಕಟ್ಟುನಿಟ್ಟು. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಹರವಿ, ಗೊಬ್ಬರದ ಚೀಲದ ಮೇಲೆ ಮಾತ್ರ ಹರವಿದಿರೋ ನಿಮ್ಮ ಮಣ್ಣು ನಾನು ಮುಟ್ಟುವುದಿಲ್ಲ ಎಂದು ಪ್ರತಿ ವರ್ಷ ಊರಿನ ಮೈಕಿನಲ್ಲಿ ಕೂಗಿ ಹೇಳುತ್ತಿದ್ದ. ಬುವಾಪಾನ್ ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಗೊಬ್ಬರದ ಚೀಲ ಬೇಡವೆಂದು, ಮೀನು ಹುದುಗು ಹಾಕಲು ತಂದಿದ್ದ ಉಪ್ಪಿನ ಚೀಲ ಖಾಲಿಯಾಗಿತ್ತಲ್ಲ, ಅದನ್ನು ಬಿಚ್ಚಿ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಲ್ಲಿ ಹಾಸಿ, ಅದರ ಮೇಲೆ ಮಣ್ಣು ಹರವಿದ್ದಳು. ಅವನು ಹೋಗಿ ನೋಡಿದ್ದ. ನೋಡಿ, "ಬುವಾಪಾನ್‌ಳನ್ನ ನೋಡಿ ಕಲೀರಿ, ಎಷ್ಟು ಬೆಳ್ಳಗಿನ ಚೀಲ!" ಎಂದು ಪಕ್ಕದ ಮನೆಯವರಿಗೂ ಕೇಳುವ ಹಾಗೆ ಹೊಗಳಿದ್ದ.

ಮೂರು ದಿನ ಆ ಮಣ್ಣು ಉಪ್ಪಿನ ಮೇಲೆ ಮಲಗಿತ್ತು.

ಕೃತ್ತಿಕಾ ಅವನ ಮುಖ ನೋಡಿ ಹಳೆಯ ವರದಿಯನ್ನು ಕಡತದ ಅಡಿಗೆ ತಳ್ಳಿದಳು. "ಹೋಗ್ಲಿ ಬಿಡಿ ಮಾವ. ಹಳೇ ಕಾಗದ ಯಾರು ಕೇಳ್ತಾರೆ? ಈಗ ಮರ ಬೆಳೆದಿದೆ. ಅವರ ಪಾಡಿಗೆ ಅವರಿರ್ಲಿ."

ಬುವಾಪಾನ್ ನೆಮ್ಮದಿಯಿಂದ ತನ್ನ ಪಾಡಿಗೆ ಇದ್ದಿದ್ದರೆ ಅವನೂ ಸುಮ್ಮನಿರುತ್ತಿದ್ದನೋ ಏನೋ.

ಮೂರು ವರ್ಷದ ಹಿಂದೆ ವರದಿ ಬಂದ ದಿನ ಊರ ಸಭೆ ಸೇರಿತ್ತು. ಉಪ್ಪು ವಿಪರೀತ, ಭತ್ತಕ್ಕೆ ಯೋಗ್ಯವಲ್ಲ, ಉಪ್ಪು ತಾಳುವ ಮರ ನೆಡುವುದು ಸೂಕ್ತ ಎಂದು ಸೀತೋನ್ ಗಟ್ಟಿಯಾಗಿ ಓದಿದ್ದ. ಮೂಡಲ ಕಡೆಯ ಎರಡು ಊರುಗಳಲ್ಲಿ ಗದ್ದೆಗಳು ಉಪ್ಪೇರಿ ಬೆಳ್ಳಗಾಗಿದ್ದನ್ನು ಎಲ್ಲರೂ ಕಂಡಿದ್ದರು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಬುವಾಪಾನ್‌ಳ ಗಂಡ ಕಾಮ್ಸೇನ್ ಮಾತ್ರ ಎದ್ದು ಹೋಗಿ, ಗದ್ದೆಯಿಂದ ಒಂದು ಹಿಡಿ ಮಣ್ಣು ತಂದು, ಎಲ್ಲರೆದುರು ನಾಲಿಗೆಯ ಮೇಲಿಟ್ಟು ಚಪ್ಪರಿಸಿದ್ದ.

"ಎಲ್ಲಿದೆಯಪ್ಪಾ ಉಪ್ಪು? ನಮ್ಮಪ್ಪ ಉತ್ತ ನೆಲ ಇದು. ತಗೋ, ನೀನೂ ನೆಕ್ಕಿ ನೋಡು ಡಾಕ್ಟ್ರೇ."

"ನಿನ್ನ ನಾಲಿಗೇನೂ ಕಿತ್ತು ಪೊಟ್ಟಣ ಕಟ್ಟಿ ಕೊಡು, ಲ್ಯಾಬಿಗೆ ಕಳಿಸ್ತೀನಿ," ಎಂದಿದ್ದ ಸೀತೋನ್. "ರೋಗ ಮಣ್ಣಿಗಲ್ಲ, ಅದಕ್ಕೇ ಇರ್ಬೇಕು."

ಸಭೆ ಬಿದ್ದು ಬಿದ್ದು ನಕ್ಕಿತ್ತು. ಕಾಮ್ಸೇನ್ ಬಾಯಲ್ಲಿದ್ದ ಮಣ್ಣನ್ನು ಉಗುಳದೆಯೇ ಹೊರಟುಹೋಗಿದ್ದ. ಆಮೇಲೆ ಯಂತ್ರ ಬಂದು ಅವರ ಏಳು ರೈ, ಅಂದರೆ ಹೆಚ್ಚುಕಡಿಮೆ ಮೂರು ಎಕರೆ, ಗದ್ದೆಯ ಬದುಗಳನ್ನು ಸಪಾಟು ಮಾಡಿತು. ಸಸಿ ನೆಟ್ಟ ಮೇಲೆ ಮಾಡಲು ಕೆಲಸವಿಲ್ಲದ ಕಾಮ್ಸೇನ್ ದಕ್ಷಿಣದ ಬಂದರಿಗೆ ಹೋಗಿ ಮೀನಿನ ದೋಣಿ ಹತ್ತಿದ. ಎರಡನೆಯ ಮಳೆಗಾಲದಲ್ಲಿ ಒಂದು ಬೆಳಗ್ಗೆ ದೋಣಿಯವರು ಎಣಿಸಿದಾಗ ಒಬ್ಬ ಕಡಿಮೆಯಿದ್ದ. ಹೆಣ ಸಿಗಲಿಲ್ಲ. ಸತ್ತವರ ಬೂದಿ ಇಡುವ ಬೌದ್ಧ ವಿಹಾರದ ಗೋಡೆಯ ಗೂಡಿನಲ್ಲಿ ಬೂದಿಯ ಬದಲು ಅವನದೊಂದು ಅಂಗಿ ಇಟ್ಟಿದ್ದಾರೆ. ಬುವಾಪಾನ್ ಈಗ ಅಂಗಡಿಯಿಂದ ಅಕ್ಕಿ ತರುತ್ತಾಳೆ. ಗದ್ದೆಯವರ ಮನೆಯ ಹೆಣ್ಣು ಅಕ್ಕಿ ಕೊಂಡು ತರುವುದು ನೋಂಗ್‌ವಾದಲ್ಲಿ ತಲೆ ತಗ್ಗಿಸುವ ಸಂಗತಿ, ಅದಕ್ಕೇ ನಡುಮಧ್ಯಾಹ್ನ ಊರು ಮಲಗಿರುವ ಹೊತ್ತು ನೋಡಿ ತರುತ್ತಾಳೆ.

ಸೀತೋನ್ ಸೈಕಲ್ ಹತ್ತಿದವನು ಸೀದಾ ಅವಳ ಮನೆಗೆ ಹೋದ. ಹೇಳಿಬಿಡಬೇಕು. ಉಪ್ಪಿನ ಚೀಲವಿತ್ತು, ನಾನು ಕಂಡೆ, ಕಂಡೂ ನನಗೆ ಹೊಳೆಯಲಿಲ್ಲ, ತಪ್ಪು ನನ್ನದು ಎಂದು ಕಾಲಿಗೆ ಬೀಳಬೇಕು. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡಿಕೊಂಡ. ಹೇಳಿದ ಮೇಲೆ ಎದೆ ಹಗುರಾದೀತು ಎಂಬ ಆಸೆಯೂ ಒಳಗೆ ಇತ್ತು ಅನ್ನಿ.

ಬುವಾಪಾನ್ ಮನೆಯ ಕೆಳಗೆ ಕುಳಿತು ಜಿಗುಟಕ್ಕಿ ಆರಿಸುತ್ತಿದ್ದಳು. ಅವನನ್ನು ಕಂಡು ಮೊರವನ್ನು ಬೆನ್ನ ಹಿಂದೆ ಸರಿಸಿದಳು. "ಬನ್ನಿ ಅಣ್ಣ, ಕೂತ್ಕೊಳ್ಳಿ. ಊಟ ಆಯ್ತಾ?"

"ಹೊಸ ವರದಿ ಬಂದಿದೆ ತಂಗಿ," ಎಂದ. ಕುಳಿತುಕೊಳ್ಳಲಿಲ್ಲ. "ನಿಮ್ಮ ತೋಪಿನ ಮಣ್ಣಲ್ಲಿ ಉಪ್ಪಿಲ್ಲ."

"ಹೋಯ್ತಾ?"

"ಹೋಗಿದ್ದಲ್ಲ. ಯಾವತ್ತೂ ಇರ್ಲಿಲ್ಲ."

ಅವಳು ಅಳಲಿಲ್ಲ, ಕೂಗಲಿಲ್ಲ. ಲೆಕ್ಕ ತಪ್ಪಿದ ಮಗುವನ್ನು ಕೇಳುವ ಹಾಗೆ ಮೆತ್ತಗೆ ಕೇಳಿದಳು: "ಮತ್ತೆ ಆ ಕಾಗದದಲ್ಲಿ ಉಪ್ಪು ಎಲ್ಲಿಂದ ಬಂತಣ್ಣ?"

ಬಾಯಿಪಾಠ ಮಾಡಿಕೊಂಡ ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕೈ ಕಣ್ಣಿಗೆ ಬಿತ್ತು. ಉಗುರು ಸವೆದ, ಅಕ್ಕಿಯ ಹುಡಿ ಅಂಟಿದ ಕೈ. ಚೀಲ ಬಿಚ್ಚಿ ಹಾಸಿದ ಕೈ ಅದೇ. ತಾನು ಇವತ್ತು ನಿಜ ಹೇಳಿ ಮನೆಗೆ ಹೋಗಿ ಮಲಗಬಹುದು. ಇವಳು ಮಾತ್ರ ಇನ್ನು ಬದುಕಿರುವಷ್ಟು ದಿನ ಆ ಕೈಯಲ್ಲೇ ಉಣ್ಣಬೇಕು. ತಪ್ಪು ನನ್ನದು ಎಂದು ಅವನು ನೂರು ಸಲ ಹೇಳಿದರೂ ಅವಳು ನಂಬುವವಳಲ್ಲ.

"ನಾನು ಮಾಡಿದ್ದು," ಎಂದ. "ನೀನು ಕೊಟ್ಟಾಗ ಮಣ್ಣು ಇನ್ನೂ ಹಸಿ ಇತ್ತು. ನಮ್ಮನೇಲಿ ಇನ್ನೊಂದಿನ ಒಣಗಿಸಿದೆ. ಉಪ್ಪಿನ ಚೀಲದ ಮೇಲೆ. ನೋಡ್ಲಿಲ್ಲ."

"ಉಪ್ಪಿನ ಚೀಲಾನಾ?" ಅವಳ ಹುಬ್ಬು ಗಂಟಾಯಿತು. "ಇರಿ, ನಾನೂ ಯಾವುದೋ ಚೀಲ ಹಾಸಿದ್ದೆ. ಬೆಳ್ಳಗಿತ್ತು. ಯಾವುದದು..."

"ಅಕ್ಕಿ ಚೀಲ," ಎಂದ ಸೀತೋನ್, ಅವಳ ಮಾತು ಮುಗಿಯುವ ಮೊದಲೇ. "ನಾನೇ ಬಂದು ನೋಡಿದ್ದೆನಲ್ಲ. ಅಕ್ಕಿ ಚೀಲ. ಸರಿಯಾಗೇ ಮಾಡಿದ್ದೆ ನೀನು. ಇಡೀ ಊರಲ್ಲಿ ಸರಿಯಾಗಿ ಮಾಡಿದವಳು ನೀನೊಬ್ಬಳೇ."

ಬುವಾಪಾನ್ ಎದ್ದಳು. ಎದ್ದ ರಭಸಕ್ಕೆ ಮೊರ ಮಗುಚಿ ಅಕ್ಕಿ ಚೆಲ್ಲಿತು. ಮುಂದೆ ಬಂದು ಅವನ ಜಾಕೀಟಿನ ಕತ್ತುಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೊಡೆಯುತ್ತಾಳೆ ಎಂದುಕೊಂಡ ಅವನು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

"ಅವನು ನೆಕ್ಕಿ ತೋರಿಸ್ದ," ಎಂದಳು. "ಊರ ಮುಂದೆ ಮಣ್ಣು ತಿಂದು ತೋರಿಸ್ದ ನನ್ನ ಗಂಡ. ನೀನು ನಗಾಡ್ದೆ. ನಾನೂ ನಕ್ಕೆ ಕಣೋ ಪಾಪಿ! ಎಲ್ಲರ ಜೊತೆ ಸೇರಿ ನಾನೂ ನಕ್ಕಿದ್ದೆ!"

ಕತ್ತುಪಟ್ಟಿಯನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ಮೈಕಲ್ಲಿ ಹೇಳ್ಬೇಕು ನೀನು. ಗೊಬ್ಬರ ಹಾಕಿ, ಸುಣ್ಣ ಹಾಕಿ ಅಂತ ಕೂಗ್ತೀಯಲ್ಲ, ಅದೇ ಮೈಕಲ್ಲಿ. ನಾಳೆ ಬೆಳಿಗ್ಗೆ, ಜನ ಗದ್ದೆಗೆ ಹೋಗೋ ಹೊತ್ತಿಗೆ. ಒಂದೂ ಬಿಡದೆ ಹೇಳು."

ಆ ರಾತ್ರಿ ಮನೆಯಲ್ಲಿ ಅವನು ಹೇಳಿದ್ದನ್ನೆಲ್ಲ ಹೆಂಡತಿ ವಾನ್ಪೆನ್ ಕೇಳಿಸಿಕೊಂಡಳು. ಅವಳು ಮೀನು ಹುದುಗು ಹಾಕಿ ಹದಿನೈದು ವರ್ಷವಾಗಿತ್ತು. ವಾಸನೆ ಆಗುವುದಿಲ್ಲವೆಂದು ಸಂತೆಯಿಂದಲೇ ತರುತ್ತಿದ್ದಳು.

"ನಮ್ಮನೇಲಿ ಉಪ್ಪಿನ ಚೀಲ ಯಾವತ್ತು ಇತ್ತು?"

"ಇತ್ತು."

"ನಂಗೆ ಗೊತ್ತಿಲ್ದೆ ಉಪ್ಪು ತಂದು ಏನ್ ಮಾಡ್ತಿದ್ರಿ? ನೆಕ್ತಿದ್ರಾ?"

"ಇತ್ತು ಅಂದ್ನಲ್ಲ ವಾನ್ಪೆನ್."

ಅವಳಿಗೆ ಅರ್ಥವಾಗಿತ್ತು, ಕೋಪವೂ ಬಂದಿತ್ತು. ನಾಳೆಯಿಂದ ಬಾವಿಕಟ್ಟೆಯಲ್ಲಿ, ವಿಹಾರದಲ್ಲಿ ಮುಖ ತೋರಿಸಬೇಕಾದವಳು ಅವಳೂ ಹೌದಲ್ಲ. ತಟ್ಟೆಯನ್ನು ಅವನ ಮುಂದೆ ಸ್ವಲ್ಪ ಸದ್ದು ಮಾಡಿಯೇ ಇಟ್ಟು ಒಳಗೆ ಹೋದಳು.

ಬೆಳಿಗ್ಗೆ ಊರ ಮುಖಂಡನ ಅಂಗಳದಲ್ಲಿ ಹತ್ತಿಪ್ಪತ್ತು ಜನ ಆಗಲೇ ಸೇರಿದ್ದರು. ಸುದ್ದಿಗೆ ಕಾಲು ಬಂದಿತ್ತು. ಬುವಾಪಾನ್ ಬೇಲಿಯ ಹತ್ತಿರ ಕೈಕಟ್ಟಿ ನಿಂತಿದ್ದಳು. ಸೀತೋನ್ ಜಾಕೀಟು ಹಾಕಿಕೊಂಡು ಬರಲಿಲ್ಲ. ಅದಿಲ್ಲದೆ ಅವನು ಯಾರೋ ಬೇರೆಯವನಂತೆ, ಇನ್ನಷ್ಟು ಮುದುಕನಂತೆ ಕಂಡ.

ಮೈಕಿನ ಮುಂದೆ ಕುಳಿತು ಎಲ್ಲವನ್ನೂ ಹೇಳಿದ. ಕಾಮ್ಸೇನ್‌ನ ಗದ್ದೆಯಲ್ಲಿ ಉಪ್ಪಿರಲಿಲ್ಲ. ತಾನೇ ಮಣ್ಣನ್ನು ಉಪ್ಪಿನ ಚೀಲದ ಮೇಲೆ ಒಣಗಿಸಿ ಕೆಡಿಸಿದೆ. ಕಾಮ್ಸೇನ್‌ನ ನಾಲಿಗೆ ನಿಜ ಹೇಳಿತ್ತು, ತನ್ನ ನಾಲಿಗೆ ಅವನನ್ನು ಊರ ಮುಂದೆ ಅವಮಾನ ಮಾಡಿತು. ಬುವಾಪಾನ್‌ಳದ್ದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಈ ಕೊನೆಯ ಮಾತನ್ನು ಅವನು ಎರಡು ಸಲ ಹೇಳಿದ. ಗದ್ದೆಗಳಲ್ಲಿ ನಾಟಿಗೆ ಬಗ್ಗಿದ್ದವರು ನೆಟ್ಟಗಾದರು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಮತ್ತೆ ಬಗ್ಗಿದರು.

ಅವನು ಹೊರಗೆ ಬಂದಾಗ ಜನ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. "ಮಣ್ಣ್ ಡಾಕ್ಟ್ರಂತೆ, ಥೂ," ಎಂದ ಯಾರೋ. ಸೀತೋನ್ ತಲೆ ತಗ್ಗಿಸಿ ಬುವಾಪಾನ್‌ಳನ್ನು ದಾಟಿ ಹೋಗುತ್ತಿದ್ದ.

"ತೋಪಿನ ಕಡೆ ಕೇಳಿಸ್ಲಿಲ್ಲ," ಎಂದಳು ಅವಳು.

ಮುಖಂಡ ಕೆಮ್ಮಿದ. "ಆ ಕಡೆ ಹಾರ್ನ್ ಇಲ್ಲಮ್ಮ. ಆ ಕಡೆ ಮನೆ ಯಾರದ್ದಿದೆ? ಯಾರು ಕೇಳ್ಬೇಕು?"

"ಅವನು ಉತ್ತ ನೆಲ ಅಲ್ಲಿದೆ. ಆ ಕಡೆಗೂ ಹೇಳ್ಲಿ."

ಅವಳ ದನಿ ಏರಲಿಲ್ಲ. ಆದರೂ ಯಾರೂ ಎದುರಾಡಲಿಲ್ಲ. ಮುಖಂಡ ಕೊಟ್ಟಿಗೆಯಿಂದ ಬಿದಿರಿನ ಏಣಿ ತಂದು ಹಾರ್ನ್ ಕಟ್ಟಿದ್ದ ಕಂಬಕ್ಕೆ ಒರಗಿಸಿದ. ಇಬ್ಬರು ಕೆಳಗೆ ಹಿಡಿದುಕೊಂಡರು, ಅವನು ಹತ್ತಿದ. ತುಕ್ಕು ಹಿಡಿದ ತಿರುಪು ಬಹಳ ಹೊತ್ತು ಕಿರುಗುಟ್ಟಿತು. ಕೊನೆಗೆ ಒಂದು ಹಾರ್ನ್ ಮೆಲ್ಲಗೆ ಊರಿಗೆ ಬೆನ್ನು ಮಾಡಿ ನೀಲಗಿರಿ ಮರಗಳ ಕಡೆ ತಿರುಗಿತು.

ಸೀತೋನ್ ಒಳಗೆ ಹೋಗಿ ಮೈಕಿಗೆ ಎರಡು ಸಲ ಊದಿ, ಮೊದಲಿನಿಂದ ಶುರು ಮಾಡಿದ.